ಅಳಿಯ ಕೇಳಿದ ಸಮಾಧಾನದ ಕಾಗದ

ಹೊಳೆನರಸೀಪುರ
18-11-2024, ಸೋಮವಾರ

ಚಿ. ಸೌ. ರೂಪಶ್ರೀಗೆ ನಿನ್ನ ಅಮ್ಮ ಮಾಯಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಮೊದಲ ಸಾಲಿನಲ್ಲೇ ಹೀಗೆ ಬರೆಯಬೇಕೆಂದು ನಿನ್ನ ಗಂಡ ಹೇಳಿದ್ದಾರೆ, ಅದಕ್ಕೇ ಬರೆದೆ. ಬರೆದ ಮೇಲೆ ಅನುಮಾನ ಬಂದು ಎದ್ದುಹೋಗಿ ನಿಮ್ಮಪ್ಪನನ್ನೂ ಅಜ್ಜಿಯನ್ನೂ ಕೊಟ್ಟಿಗೆಯ ಎಮ್ಮೆಯನ್ನೂ ಒಂದು ಸಲ ನೋಡಿಕೊಂಡು ಬಂದೆ. ನಿಜವಾಗಿಯೂ ಕ್ಷೇಮವೇ.

ಕಾಗದ ಇಷ್ಟು ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯದೆ ಕೂತಿರಲಿಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ನಿಮ್ಮಪ್ಪ ಚೂರುಗಳನ್ನು ನೋಡಿ, "ಏನಮ್ಮಿ, ಕಾಗ್ದ ಬರೀತಿದ್ದೀಯೋ, ಕಡ್ಲೆಪುರಿ ಕಟ್ಟಕ್ಕೆ ಪೊಟ್ಣ ಅರೀತಿದ್ದೀಯೋ?" ಎಂದು ಕೇಳಿ, ನಗದೆ ಹೋದರು. ಅವರು ನಗದೆ ತಮಾಷೆ ಮಾಡುತ್ತಾರಲ್ಲ, ಅದೇ ನನಗೆ ಉರಿಯುವುದು.

ಹೋದ ಸಲ ಹಾಸನದ ಆಸ್ಪತ್ರೆಗೆ ಬಂದಾಗ ಆದದ್ದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ನಿನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದ್ದಾಗಲೇ ನಾನು ಒಳಗೆ ನುಗ್ಗಿ, ಕಾಲು ಊದಿದೆಯಾ, ತಲೆ ನೋಯುತ್ತಾ, ಕಣ್ಣು ಮಂಜಾಗುತ್ತಾ, ಊಟ ಸೇರುತ್ತಾ ಎಂದು ಒಂದೇ ಉಸಿರಿಗೆ ಕೇಳಿದೆ. ಆ ನರ್ಸಮ್ಮ ಮಿಷಿನ್ನು ನೋಡಿ, "ನಿಮ್ಮಮ್ಮ ಒಳಕ್ಕೆ ಬಂದಿದ್ದು ಇದಕ್ಕೂ ಗೊತ್ತಾಗ್ಬುಡ್ತು ನೋಡಿ" ಎಂದಳು. ಎಲ್ಲರೂ ನಕ್ಕರು, ನೀನೂ ನಕ್ಕೆ. ಹೊರಗೆ ಮೆಟ್ಟಿಲ ಹತ್ತಿರ ದಿಲೀಪ್ ಮಾತ್ರ ನಗಲಿಲ್ಲ. "ಅತ್ತೆ, ಬೇಜಾರ್ ಮಾಡ್ಕೋಬೇಡಿ. ಎರಿಗೆ ಆಗೋವರ್ಗೂ ಬರೋದು, ಫೋನ್ ಮಾಡೋದು ನಿಲ್ಸಿ. ನಿಮ್ ಫೋನ್ ಬಂದ್ರೆ ಅವ್ಳಿಗೆ ಎದೆ ಡವಡವ ಅಂತದೆ. ಬೇಕಾದ್ರೆ ಕಾಗ್ದ ಬರೀರಿ, ನಾನೇ ಓದಿ ಏಳ್ತೀನಿ. ಸಮಾಧಾನದ್ ಮಾತು ಬರೀರಿ, ಅಷ್ಟೇಯ" ಎಂದರು.

ಓದಿ ಹೇಳುತ್ತೇನೆ ಎಂದರೆ ಬೇಡದ್ದನ್ನು ಬಿಟ್ಟು ಓದುತ್ತೇನೆ ಎಂದು. ಅಷ್ಟು ನನಗೂ ತಿಳಿಯುತ್ತದೆ. ಅವರ ಮೇಲೆ ಸಿಟ್ಟಿಲ್ಲ ಮಗಾ. ಹೆಂಡತಿಯನ್ನು ಹೀಗೆ ಕಾಯುವ ಗಂಡ ಸಿಕ್ಕಿದನಲ್ಲ ಎಂದು ಬಸ್ಸಿನಲ್ಲಿ ಅಳುತ್ತಲೇ ದೇವರಿಗೆ ಕೈ ಮುಗಿದೆ. ದಿಲೀಪಪ್ಪ, ಇದನ್ನು ಓದುತ್ತಿದ್ದರೆ ನಾಚಿಕೊಂಡು ಬಿಡಬೇಡಿ, ಓದಿ.

ಸರಿ, ಸಮಾಧಾನದ ಮಾತು ಎಂದು ಶುರು ಮಾಡಿದೆ. "ಸಮಾಧಾನವಾಗಿರು" ಎಂದು ಬರೆದೆ. ಪೆನ್ನು ಅಲ್ಲೇ ನಿಂತುಹೋಯಿತು. ಈ ಮಾತನ್ನು ನನಗೆ ಯಾರು, ಯಾವಾಗ ಹೇಳಿದ್ದರು ಎಂದು ನೆನೆಸಿಕೊಂಡೆ. ನಮ್ಮಪ್ಪ ತೀರಿಕೊಂಡಾಗ ಹೇಳಿದ್ದರು. ಎಮ್ಮೆಯ ಕರು ಹೋದಾಗ ಹೇಳಿದ್ದರು. ನನ್ನ ಸರ ಗೊರೂರಿನ ನೀರಿನಲ್ಲಿ ಜಾರಿದಾಗ ಹೇಳಿದ್ದರು. ಏನೂ ಆಗದೆ ಇರುವವರಿಗೆ ಸಮಾಧಾನ ಮಾಡಿಕೋ ಎಂದು ಯಾರಾದರೂ ಹೇಳಿದ್ದಾರೆಯೇ? ಇನ್ನೂ ಏನೂ ಆಗದ ನಿನಗೆ ಆ ಮಾತು ಯಾಕೆ? ಹರಿದೆ. ಮೊದಲ ಹಾಳೆ ಹರಿದದ್ದು ಹಾಗೆ.

ಅಲ್ಲಿಂದ ನನಗೊಂದು ಕುತೂಹಲ ಅಂಟಿಕೊಂಡುಬಿಟ್ಟಿದೆ. ಯಾರಾದರೂ ಯಾರಿಗಾದರೂ ತಣ್ಣಗಿರು, ನಿಧಾನ, ತಾಳ್ಮೆ ಎಂದರೆ ಸಾಕು, ಸೊಪ್ಪು ಕೊಳ್ಳುವುದನ್ನು ಬಿಟ್ಟು ಕಿವಿ ಕೊಡುತ್ತೇನೆ. ಚನ್ನರಾಯಪಟ್ಟಣಕ್ಕೆ ನಿಮ್ಮ ಚಿಕ್ಕಮ್ಮನನ್ನು ನೋಡಲು ಹೋಗಿ, ಅಲ್ಲಿಂದ ಹಾಸನದ ಮೇಲೆ ಮನೆಗೆ ಬಂದೆ. ದಾರಿಯಲ್ಲಿ ಬಸ್ಸು ನಿಂತಿತು. ಕಂಡಕ್ಟರು, "ಶಾಂತಿಗ್ರಾಮ, ಶಾಂತಿಗ್ರಾಮ! ಬೇಗ್ ಇಳೀರಮ್ಮೋ, ಏನ್ ನಿದ್ದೆ ಮಾಡಕ್ ಬಂದಿದ್ದೀರಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಒಬ್ಬ ಅಜ್ಜಿ ಹಾಲಿನ ಕ್ಯಾನು ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾ, "ಯಾಕಪ್ಪಾ ಇಂಗಾಡೀಯ, ನೀನು ಈ ಊರೋನಲ್ಲ ಬುಡು" ಎಂದಳು. ಇಡೀ ಬಸ್ಸು ನಕ್ಕಿತು. ನೀನು ಪಕ್ಕದಲ್ಲಿದ್ದಿದ್ದರೆ ಎಷ್ಟು ನಗುತ್ತಿದ್ದೆ ಎಂದುಕೊಂಡೆ.

ಈಗಿನವರದ್ದು ಇನ್ನೊಂದು ಮಾತು, ಟೆನ್ಶನ್ ತಗೋಬೇಡಿ ಎಂದು. ಡಾಕ್ಟರೂ ಅದನ್ನೇ ಅನ್ನುತ್ತಾರೆ, ಗ್ಯಾಸ್ ತರುವವನೂ ಅದನ್ನೇ ಅನ್ನುತ್ತಾನೆ. ನಾನೇನು ಟೆನ್ಶನ್ನನ್ನು ಸಂತೆಯಲ್ಲಿ ಆರಿಸಿ ಕೊಂಡು ತಂದೆನೇ? ಮನೆ ಬಾಗಿಲಿಗೆ ಅದೇ ಬಂದರೆ ಬೇಡ ಎಂದು ವಾಪಸ್ಸು ಕಳಿಸುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಹಾಲು ಉಕ್ಕುವ ಸದ್ದು. ಆಮೇಲೆ ಬರೆಯುತ್ತೇನೆ.

ಬುಧವಾರ

ಹಾಲು ಉಕ್ಕಿತು. ಅಪಶಕುನವೇನಲ್ಲ, ನಿನ್ನ ಅಜ್ಜಿಯನ್ನು ಕೇಳಿದೆ. ಒಳ್ಳೆಯದೇ ಅಂತೆ.

ತಣ್ಣಗಿರು ಎಂದು ಬರೆಯಬಹುದಿತ್ತು. ನಮ್ಮ ಕಡೆ ಬಸುರಿಗೆ ಮಡಿಲು ತುಂಬುವಾಗ ಹೊಟ್ಟೆ ತಣ್ಣಗಿರಲಿ ಎಂದೇ ಹರಸುತ್ತಾರೆ, ನಿನ್ನ ಸೀಮಂತದಲ್ಲೂ ಎಲ್ಲರೂ ಹಾಗೆಯೇ ಹರಸಿದರು. ಆದರೆ ನನಗೆ ಆ ಮಾತೆಂದರೆ ಒಂದು ಅಳುಕು. ನಾನು ಆರನೇ ಕ್ಲಾಸಿನ ನಡುವೆ ಶಾಲೆ ಬಿಟ್ಟದ್ದು ಆ ಮಾತಿನಿಂದಲೇ. ಅರಕಲಗೂಡಿನ ಹತ್ತಿರ ನಮ್ಮೂರಿನಲ್ಲಿ ನನಗೆ ಮೈಮೇಲೆ ಅಮ್ಮ ಎದ್ದಿದ್ದಳು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು, ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ತಂಪು ಮಾಡಿದರು. ಗುಳ್ಳೆ ಇಳಿದ ಮೇಲೆ ನಮ್ಮಪ್ಪ, "ಈಗ್ತಾನೆ ತಣ್ಗಾಗವಳೆ, ಬಿಸ್ಲಲ್ಲಿ ಇಸ್ಕೂಲ್ಗೆ ಅಟ್ಟಿ ಮತ್ತೆ ಕೆರಳಿಸೋದು ಬ್ಯಾಡ" ಎಂದರು. ಅಮ್ಮನೂ ತಣ್ಣಗಾದಳು, ನನ್ನ ಓದೂ ತಣ್ಣಗಾಯಿತು. ಈ ಕಾಗದದಲ್ಲಿ ಎಲ್ಲಿಯಾದರೂ ಒತ್ತು ದೀರ್ಘ ತಪ್ಪಿದ್ದರೆ ಅದು ಮಾರಮ್ಮನ ಲೆಕ್ಕಕ್ಕೆ ಹಾಕು.

ನಿಮ್ಮಪ್ಪನನ್ನು ಕೇಳಿದೆ, "ರೀ, ನೆಮ್ದಿ ಅಂದ್ರೆ ಏನು?" ಎಂದು. ಎಳನೀರಿನ ಗೊನೆ ಎಣಿಸುತ್ತಿದ್ದವರು ತಲೆ ಎತ್ತದೆ, "ನೀನು ಕೇಳೋದು ನಿಲ್ಸಿದ್ ಮ್ಯಾಲೆ ಸುರುವಾಗೋದು" ಎಂದರು. ಬಿಡಲಿಲ್ಲ ನಾನು. ಆಗ, "ಕದಡಿದ್ ನೀರು ತಿಳಿ ಆಗ್ಬೇಕು ಅಂದ್ರೆ ಕೈ ಆಡುಸ್ಬಾರ್ದು ಕಣಮ್ಮಿ. ಅಷ್ಟೇಯ ನೆಮ್ದಿ" ಎಂದರು. ನಾನು, "ಬಾವಿ ಒಳಕ್ಕೆ ಬಿಂದಿಗೆ ಬಿದ್ದೋಗಿದ್ರೆ? ಕೈ ಆಡುಸ್ದೆ ಎತ್ತೋದೆಂಗೆ?" ಎಂದೆ. ಎಣಿಕೆ ತಪ್ಪಿತು ಅವರಿಗೆ. ಮತ್ತೆ ಮೊದಲಿಂದ ಎಣಿಸಿದರು.

ಅವರ ಸ್ವಭಾವ ನಿನಗೆ ಗೊತ್ತಲ್ಲ. ಅರಕಲಗೂಡು ರಸ್ತೆಯಲ್ಲಿ ಟೆಂಪೋ ಮಗುಚಿ ಎಳನೀರೆಲ್ಲ ಗದ್ದೆಗೆ ಉರುಳಿದಾಗ, ಅಲ್ಲೇ ಬದುವಿನ ಮೇಲೆ ಕೂತು ಒಂದನ್ನು ಕೆತ್ತಿ ಕುಡಿದವರು ಅವರು. ಮನೆ ಮುಂದೆ ಗಾಡಿ ನಿಲ್ಲಿಸಿದರೂ ಒಂದು ಹಾರನ್ ಹೊಡೆಯುವುದಿಲ್ಲ. ಮಳೆಯಿರಲಿ ಬಿಸಿಲಿರಲಿ, ಇಳಿದು ಬಂದು ಬಾಗಿಲು ತಟ್ಟುತ್ತಾರೆ. ಬೀದಿಯವರೆಲ್ಲ ಕೆಂಪಣ್ಣ ಅಂದರೆ ಸಮಾಧಾನ ಎನ್ನುತ್ತಾರೆ. ಅವರು ಸಮಾಧಾನವಾಗಿರಲಿ ಎಂದು ಗಾಬರಿಯನ್ನೆಲ್ಲ ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದು ಯಾರೂ ಅನ್ನುವುದಿಲ್ಲ.

ನೀನೂ ಅವರ ಹಾಗೆಯೇ. ಶಾಲೆಯಲ್ಲಿ ಬಿದ್ದು ಕೈ ಮುರಿದುಕೊಂಡು ಬಂದವಳು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತೆ. ಎಡಗೈಲಿ ಯಾಕೆ ಉಣ್ಣುತ್ತೀಯ ಎಂದು ನಾನು ಗದರಿದಾಗ, "ಬಲಗೈ ಒಸಿ ನೋಯ್ತದೆ ಕಣಮ್ಮ" ಎಂದೆ. ಒಸಿಯಂತೆ! ಊರಿಗೆಲ್ಲ ನಿನ್ನ ಸಮಾಧಾನ ಚೆಂದ ಕಂಡರೆ, ನನಗೆ ನಿನ್ನ ಬಿ.ಪಿ.ಗಿಂತ ನಿನ್ನ ಸಮಾಧಾನದ್ದೇ ಭಯ. ಈ ಸಾಲನ್ನು ದಿಲೀಪ್ ಬಿಟ್ಟು ಓದಿದರೂ ಪರವಾಗಿಲ್ಲ. ಮುಂದೆ ಇನ್ನೊಂದು ಸಲ ಬರೆಯುತ್ತೇನೆ.

ಮಧ್ಯಾಹ್ನ ದೇವಸ್ಥಾನದ ಬೀದಿಗೆ ಹೋಗಿ ನಿನ್ನ ಕನ್ನಡ ಟೀಚರ್ ಕನಕಲಕ್ಷ್ಮಿಯವರ ಮನೆ ಬಾಗಿಲು ತಟ್ಟಿದೆ. ಈಗ ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ. ನಿನ್ನನ್ನು ಕೇಳಿದರು. ವಿಷಯ ಹೇಳಿದೆ. ಅವರು ನಕ್ಕು, "ಅಲ್ಲ ಮಾಯಮ್ಮ, ಸರ್ವೀಸೆಲ್ಲ 'ಸದ್ದು, ಸದ್ದು' ಅಂತ ಮೇಜು ಕುಟ್ಟಿ ಕುಟ್ಟಿ ಶಾಂತಿ ತಂದೋಳು ನಾನು. ನನ್ನನ್ನ ಬಂದು ಕೇಳ್ತೀಯಲ್ಲ!" ಎಂದರು. ಕಾಫಿ ಕೊಟ್ಟರು. ಆಮೇಲೆ ಯೋಚಿಸಿ ಒಂದು ಸಂಗತಿ ಹೇಳಿದರು. ಶಾಸ್ತ್ರ ಓದುವವರಲ್ಲಿ ಒಬ್ಬರು ಶಂಕೆ ಎತ್ತಿದರೆ ಇನ್ನೊಬ್ಬರು ಸಮಾಧಾನ ಹೇಳುತ್ತಾರಂತೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದಕ್ಕೂ ಸಮಾಧಾನ ಎನ್ನುತ್ತಾರಂತೆ.

ನಾನು ಕಾಫಿ ಲೋಟ ಕೆಳಗಿಟ್ಟೆ. "ಹಂಗಾರೆ ಟೀಚರ್, ಕೇಳಿದ್ದಕ್ಕೆ ಉತ್ರ ಸಿಕ್ಕುದ್ರೆ ತಾನೆ ಸಮಾಧಾನ?"

"ಹಾಗಂತ ಇಟ್ಕೋ."

"ಉತ್ರಾನೇ ಕೊಡ್ದೆ ಸಮಾಧಾನ ಮಾಡ್ಕೋ ಅಂದ್ರೆ?"

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಅದು ನಾವು ಮೇಜು ಕುಟ್ಟೋದು" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನೀನು ಯಾರನ್ನ ಏನು ಕೇಳ್ಬೇಕಾಗಿದೆ ಮಾಯಮ್ಮ?" ಎಂದು ಮೆಲ್ಲಗೆ ಕೇಳಿದರು. ಎಮ್ಮೆ ಕರೆಯುವ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದು ಬಂದೆ.

ಶುಕ್ರವಾರ

ನಾಳೆ ನಿಮ್ಮಪ್ಪ ಲೋಡು ತೆಗೆದುಕೊಂಡು ಹಾಸನಕ್ಕೆ ಬರುತ್ತಾರೆ. ಅವರ ಕೈಯಲ್ಲೇ ಕಳಿಸುತ್ತೇನೆ. ಆದ್ದರಿಂದ ಇವತ್ತು ಮುಗಿಸಲೇಬೇಕು.

ಅವರೆಕಾಯಿ ಬಂದಿದೆ. ಎಂಥ ಸೊಗಡು ಅಂತೀಯ! ಬೆಳಿಗ್ಗೆ ಜಗಲಿಯ ಮೇಲೆ ನಾನೂ ನಿನ್ನ ಅಜ್ಜಿಯೂ ಸುಲಿಯಲು ಕೂತೆವು. ಅಜ್ಜಿಗೆ ಕಣ್ಣು ಅಷ್ಟು ಕಾಣದಿದ್ದರೂ ಬೆರಳಿಗೆ ಹುಳುಕು ತಿಳಿಯುತ್ತದೆ. ಟೀಚರ್ ಹೇಳಿದ್ದೇ ತಲೆಯಲ್ಲಿ ತಿರುಗುತ್ತಿತ್ತು. ಎದುರಿಗೆ ಕೇಳಲು ಧೈರ್ಯ ಸಾಲದೆ ಸುತ್ತಿ ಬಳಸಿ ಶುರು ಮಾಡಿದೆ. "ಅತ್ತೆಮ್ಮ, ರೂಪಂಗೆ ಕಾಗ್ದ ಬರೀತಾ ಇವ್ನಿ. ಏನಂತ ಬರೀಲಿ? ನೆಮ್ದಿಯಾಗಿರು ಅನ್ಲಾ?"

"ಅನ್ನು. ಎಮ್ಮೆ ಮೆಲುಕು ಆಕೋ ಅಂಗೆ ಇರ್ಲಿ ಅಂತ ಬರಿ. ಅದುಕ್ಕಿಂತ ನೆಮ್ದಿ ಇನ್ನೇನೈತೆ?"

"ನಿಧಾನವಾಗಿರು ಅನ್ಲಾ?"

"ಓಡಾಡೋದ್ರಲ್ಲಿ ನಿಧಾನ. ಉಣ್ಣೋದ್ರಲ್ಲಿ ಬ್ಯಾಡ."

"ಸುಮ್ನಿರು ಅನ್ಲಾ?"

ಅಜ್ಜಿಯ ಕೈ ಮೊರದ ಮೇಲೆ ನಿಂತಿತು. ಸಿಪ್ಪೆ ಬಿಡಿಸಿದ್ದ ಕಾಳು ಬೆರಳ ಸಂದಿಯಲ್ಲೇ ಉಳಿಯಿತು. "ಅದೊಂದ್ ಬರೀಬ್ಯಾಡ ಕಣವ್ವಾ" ಎಂದರು. ಈ ಮನೆಗೆ ಬಂದಾಗಿನಿಂದ ನನಗೆ ಅವರು ಅವ್ವಾ ಎಂದದ್ದು ಅದೇ ಮೊದಲು. ಆಮೇಲೆ ನಾನು ಒಂದು ಮಾತು ಕೇಳಿದೆ, ಅವರು ಒಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೆಳಗೆ ಜಾಗ ಉಳಿದರೆ ಬರೆಯುತ್ತೇನೆ.

ಅಂತೂ ಇಷ್ಟು ಹುಡುಕಿದರೂ ಅಳಿಯಂದಿರು ಕೇಳಿದ ಮಾತು ನನಗೆ ಸಿಗಲಿಲ್ಲ. ಅದಕ್ಕೆ ನನಗೆ ಬರುವ ಮಾತಿನಲ್ಲೇ ಹರಸುತ್ತೇನೆ. ಷಷ್ಠಿಯ ದಿನ ಹುತ್ತಕ್ಕೆ ನಿನ್ನ ಹೆಸರಿನಲ್ಲಿ ತನಿ ಎರೆಯುತ್ತೇನೆ. ನೀನೂ, ನಿನ್ನ ಹೊಟ್ಟೆಯಲ್ಲಿರುವುದೂ ಬೆಚ್ಚಗಿರಿ. ತಣ್ಣಗೆ ಎಂದು ನಾನು ಹರಸುವುದಿಲ್ಲ. ಅವರಿವರು ಹರಸಿದ್ದು ಸಾಕು. ದಿಲೀಪ್ ಅವರಿಗೂ ನನ್ನ ಆಶೀರ್ವಾದ. ಅವರೆಬೇಳೆ ಹಿತುಕಿ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ, ಉಪ್ಪು ಕಡಿಮೆ ಹಾಕಿ ಸಾರು ಮಾಡಲು ಹೇಳು.

ಇಂತಿ ನಿನ್ನ ಅಮ್ಮ,
ಮಾಯಮ್ಮ

ವಿ.ಸೂ.: ದಿಲೀಪಪ್ಪ, ಇಲ್ಲಿಂದ ಮುಂದಕ್ಕೆ ನೀವು ಗಟ್ಟಿಯಾಗಿ ಓದಬೇಡಿ. ಬಿಟ್ಟೂ ಬಿಡಬೇಡಿ. ಕಾಗದವನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ನಿಮ್ಮ ಅತ್ತೆ ಕೇಳುವುದು ಇದೊಂದೇ.

ರೂಪಾ, ನಿನಗಿಂತ ಮೊದಲು ಒಬ್ಬ ಇದ್ದ.

ಬಸುರಿಯ ಮುಂದೆ ಕಳೆದುಹೋದ ಮಗುವಿನ ಮಾತು ಆಡಬಾರದು ಎನ್ನುತ್ತಾರೆ. ನೀನು ಹೊಟ್ಟೆಯಲ್ಲಿದ್ದಾಗ ನನ್ನ ಮುಂದೆ ಯಾರೂ ಆಡಲಿಲ್ಲ. ನೀನು ಹುಟ್ಟಿದ ಮೇಲೆ ಎಳೆ ಮಗುವಿರುವ ಮನೆ ಎಂದು ಆಡಲಿಲ್ಲ. ಆಮೇಲೆ ಮದುವೆಯ ಮನೆ ಎಂದು ಆಡಲಿಲ್ಲ. ಈಗ ನೀನೇ ಬಸುರಿ. ಆಡುವ ದಿನ ಬರಲೇ ಇಲ್ಲ. ಅದಕ್ಕೆ ಆಡಬಾರದ ದಿನವೇ ಆಡುತ್ತಿದ್ದೇನೆ.

ನಿಮ್ಮಪ್ಪ ಸಂಜೆ ಟೆಂಪೋ ತಂದು ಮನೆ ಮುಂದೆ ಹಾರನ್ ಹೊಡೆದರೆ ಅವನು ಒಳಗಿನಿಂದ ಒದೆಯುತ್ತಿದ್ದ. ದಿನಾ ಹಾಗೆಯೇ. ದಿನ ತುಂಬುತ್ತಾ ಬಂದಿತ್ತು. ಒಂದು ಸಂಜೆ ಹಾರನ್ ಹೊಡೆದರು, ಒದೆಯಲಿಲ್ಲ. ಬೆಳಿಗ್ಗೆಯಿಂದಲೇ ಅಲುಗಿರಲಿಲ್ಲ ಎಂದು ಆಗ ನೆನಪಾಯಿತು. ನಿಮ್ಮ ಅಜ್ಜಿಗೆ ಹೇಳಿದೆ. "ತುಂಬಿದ್ ಕೊಡ ತುಳುಕ್ತದಾ? ದಿನ ತುಂಬ್ದಾಗ ಮಗ ಸುಮ್ಕಾಯ್ತದೆ. ನೀನೂ ಸುಮ್ಕಿರು" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರಿಗೆ ಅವರ ಅತ್ತೆ ಹಾಗೆಯೇ ಹೇಳಿದ್ದರು. ನನಗೆ ಎರಡನೆಯ ಸಲ ಕೇಳಲು ನಾಚಿಕೆಯಾಯಿತು. ಆ ಕಾಲಕ್ಕೆ ಈ ಬೀದಿಯಲ್ಲಿ ನನ್ನಷ್ಟು ಸಮಾಧಾನದ ಸೊಸೆ ಇಲ್ಲವೆಂದು ಹೆಸರಿತ್ತು. ನಗಬೇಡ. ಆಗ ನಾನು ನಿನ್ನ ಹಾಗೆಯೇ ಇದ್ದೆ. ಸುಮ್ಮನಿದ್ದೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆಗಿಹೋಗಿತ್ತು. ಹಸಿ ಬಾಣಂತಿ ಸಮಾಧಾನವಾಗಿರಲಿ ಎಂದು ನನಗೆ ಮುಖವನ್ನೂ ತೋರಿಸದೆ, ನಿಮ್ಮಪ್ಪ ಪಂಚೆಯಲ್ಲಿ ಸುತ್ತಿಕೊಂಡು ಹೋದರು.

ಇವತ್ತು ಜಗಲಿಯ ಮೇಲೆ ನಾನು ಅಜ್ಜಿಯನ್ನು ಕೇಳಿದ್ದು ಇಷ್ಟೇ. "ಮುಖ ಎಂಗಿತ್ತು ಅತ್ತೆಮ್ಮ?"

ಅವರು ಮೊರ ಪಕ್ಕಕ್ಕೆ ಸರಿಸಿದರು. "ಮೂಗು ನಮ್ ಕೆಂಪಣ್ಣಂದೇಯ. ಕೂದ್ಲು ನಿಂದು, ಗುಂಗ್ರು" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಇಬ್ಬರ ಬೆರಳಿಗೂ ಅವರೆಯ ಸೊಗಡು ಹತ್ತಿತ್ತು.

ಇಷ್ಟನ್ನು ಬರೆದು ನಿಮ್ಮಪ್ಪನಿಗೆ ಓದಿ ಹೇಳಿದೆ. ಕಳಿಸಲೋ ಬೇಡವೋ ಎಂದು ಕೇಳಿದೆ. ಅವರು ಹೆಗಲ ಮೇಲಿನ ಟವಲು ತೆಗೆದು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು. ಕೊನೆಗೆ, "ಗುಂಗ್ರಲ್ಲ ಕಣಮ್ಮಿ. ನೆಟ್ಗಿತ್ತು ಕೂದ್ಲು. ಅವ್ವಂಗೆ ಮರ್ತೋಗದೆ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡು, "ಕೊಡು, ಅವ್ಳ ಕೈಗೇ ಕೊಟ್ಟು ಬತ್ತೀನಿ" ಎಂದರು. ಹೋಗುವುದು ನಾಳೆ ಎಂದು ನಾನೇ ಜ್ಞಾಪಿಸಬೇಕಾಯಿತು.

ನಿನ್ನದು ಹಾಗೆ ಆಗುವುದಿಲ್ಲ ಮಗಾ. ಡಾಕ್ಟರಿದ್ದಾರೆ, ಮಿಷಿನ್ನಿದೆ, ಪಕ್ಕದಲ್ಲಿ ಗಂಡನಿದ್ದಾರೆ. ಆದರೆ ಒಳಗೆ ಅಲುಗುವುದು ಕಡಿಮೆಯಾಯಿತು ಎಂದು ಮೊದಲು ಗೊತ್ತಾಗುವುದು ನಿನಗೆ ಮಾತ್ರ. ಹಾಗನ್ನಿಸಿದರೆ ಬೆಳಗಾಗಲಿ ಎಂದು ಕಾಯಬೇಡ, ಊಟ ಮುಗಿಯಲಿ ಎನ್ನಬೇಡ, ಒಸಿ ಎನ್ನಬೇಡ. ಕೂಗು. ದಿಲೀಪ್ ಅವರನ್ನು ಎಬ್ಬಿಸು. ಆಸ್ಪತ್ರೆಗೆ ಓಡು. ಏನೂ ಇಲ್ಲವೆಂದು ಅವರು ನಕ್ಕು ಕಳಿಸಿದರೆ ನಗಲಿ. ತಾಯಿಯ ಹಾಗೇ ಮಗಳು ಎಂದು ಆಡಿಕೊಳ್ಳಲಿ.

ಉಳಿದ ದಿನವೆಲ್ಲ ನೀನು ನಿಮ್ಮಪ್ಪನ ಮಗಳಾಗಿಯೇ ಇರು. ಆ ಒಂದು ಹೊತ್ತು ಮಾತ್ರ ನನ್ನ ಮಗಳಾಗು.